ಖುದ್ದಾಗಿ ಬಂದು ಕಾಣುವಂತಿಲ್ಲ

ದೇವರನ್ನು ಗೇಲಿ ಮಾಡುವಷ್ಟು ಸುಲಭದ ಕೆಲಸ ಪತ್ರಿಕೆಯಲ್ಲಿ ಇನ್ನೊಂದಿಲ್ಲ. ನೀರು ಸರಬರಾಜು ಕಚೇರಿಯ ಬಗ್ಗೆ ಅರ್ಧ ಸಾಲು ಬರೆದರೂ ಮರುದಿನ ಮೂರು ಫೋನು, ಒಂದು ನೋಟೀಸು ಬರುತ್ತವೆ. ದೇವರ ಬಗ್ಗೆ ಎರಡು ವರ್ಷ ವಾರವಾರ ಬರೆದಿದ್ದೇನೆ, ಆ ಕಡೆಯಿಂದ ಒಂದು ಕೆಮ್ಮೂ ಕೇಳಿಲ್ಲ. ಅವನ ಪರವಾಗಿ ನನ್ನನ್ನು ಬೈದು ಬರೆಯುವವರು ಇದ್ದೇ ಇದ್ದಾರೆ. ನಿಮ್ಮನ್ನು ವಕೀಲರನ್ನಾಗಿ ನೇಮಿಸಿದ್ದು ಯಾರು ಎಂದು ಕೇಳಿದರೆ ಅವರೂ ಸುಮ್ಮನಾಗುತ್ತಾರೆ.

ನನ್ನ ನಿಜವಾದ ಕೆಲಸ ಕರಡು ತಿದ್ದುವುದು. ಹತ್ತೊಂಬತ್ತು ವರ್ಷ ಬೇರೆಯವರ ಕಾಗುಣಿತ ಸರಿಮಾಡಿ ಸರಿಮಾಡಿ ನನ್ನ ನಾಲಿಗೆ ಹರಿತವಾಗಿತ್ತು. ಒಂದು ದಿನ ಸಂಪಾದಕರು ರೇಗಿ, "ಇಷ್ಟೊಂದು ಕೊಂಕು ಮಾತಾಡ್ತೀರಲ್ಲ, ಅದನ್ನೇ ಬರೆದುಕೊಡಿ. ಭಾನುವಾರದ ಪುರವಣಿಲಿ ಒಂದು ಮೂಲೆ ಖಾಲಿ ಇದೆ" ಎಂದರು. ಹೀಗೆ 'ಮೇಲಿನ ಕಚೇರಿ' ಎಂಬ ಅಂಕಣ ಶುರುವಾಯಿತು. ಬರೆಯುವವನ ಹೆಸರು 'ಗುಮಾಸ್ತ' ಎಂದಷ್ಟೇ ಅಚ್ಚಾಗುತ್ತಿತ್ತು.

ಈ ಗುಮಾಸ್ತ ದೇವರ ಕಚೇರಿಯಲ್ಲಿ ಕೆಲಸಕ್ಕಿದ್ದಾನೆ. ದೇವರನ್ನು ಅಲ್ಲಿ ಎಲ್ಲರೂ 'ದೊಡ್ಡವರು' ಎನ್ನುತ್ತಾರೆ. ದೊಡ್ಡವರ ಕೋಣೆಯ ಬಾಗಿಲು ಯಾವಾಗಲೂ ಮುಚ್ಚಿರುತ್ತದೆ. ಅವರನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ದಿನಕ್ಕೆ ಎರಡು ಸಲ ಜವಾನ ಚಹಾ ಒಳಗೆ ಒಯ್ಯುತ್ತಾನೆ, ಕಪ್ಪು ಖಾಲಿಯಾಗಿ ಹೊರಗೆ ಬರುತ್ತದೆ. ಕಪ್ಪು ಖಾಲಿಯಾಗಿದ್ದೇ ಅವರಿದ್ದಾರೆ ಎನ್ನುವುದಕ್ಕೆ ಸಾಕ್ಷಿ ಎಂದು ಒಂದು ಪಂಗಡ. ಜವಾನನ ಹೊಟ್ಟೆ ನೋಡಿ ಮಾತಾಡಿ ಎಂದು ಇನ್ನೊಂದು ಪಂಗಡ. ಕಳೆದುಹೋದ ಕೊಡೆಗಾಗಿ ಅರ್ಜಿ ಹಾಕಿದವನಿಗೆ ಕೊಡೆ ಮೂರೇ ದಿನಕ್ಕೆ ಸಿಗುತ್ತದೆ. ಕಾಯಿಲೆ ಬಿದ್ದ ಮಗುವಿಗಾಗಿ ಅರ್ಜಿ ಹಾಕಿದವಳಿಗೆ 'ತಲುಪಿದೆ' ಎಂಬ ಮುದ್ರೆ ಸಿಗುತ್ತದೆ. ಓದುಗರು ನಗುತ್ತಿದ್ದರು. ನನಗಂತೂ ಬರೆಯುವಾಗ ಒಮ್ಮೊಮ್ಮೆ ತೀರಾ ಸಿಟ್ಟು ಬರುತ್ತಿತ್ತು.

ಗುಮಾಸ್ತ ಯಾರೆಂದು ಪತ್ರಿಕೆಯ ಕಚೇರಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ಗಂಡನ ಹೊಟ್ಟೆಯಲ್ಲಿ ಒಂದು ಮಾತು ಸಂಜೆಯವರೆಗೂ ನಿಲ್ಲುವುದಿಲ್ಲ. ಅತ್ತೆಯ ವಿಷಯ ಬೇರೆ. ಅವರು ದೇವರನ್ನು ನಂಬಿದವರು, ಜೊತೆಗೆ ಗುಮಾಸ್ತನ ಅಭಿಮಾನಿ. ಪ್ರತಿ ಭಾನುವಾರ ಬೆಳಿಗ್ಗೆ ನಾನು ಬಟ್ಟೆ ಇಸ್ತ್ರಿ ಮಾಡುತ್ತಿದ್ದರೆ ಪಕ್ಕದ ಕುರ್ಚಿಯಲ್ಲಿ ಕೂತು ಅಂಕಣವನ್ನು ಗಟ್ಟಿಯಾಗಿ ಓದುತ್ತಿದ್ದರು. ಓದಿ ಮುಗಿಸಿದ ಮೇಲೆ ಕನ್ನಡಕ ತೆಗೆದು ತೀರ್ಪು ಕೊಡುತ್ತಿದ್ದರು.

"ಈ ವಾರ ಗುಮಾಸ್ತನಿಗೆ ಅಜೀರ್ಣ ಆಗಿರ್ಬೇಕು. ಬರೀ ಹುಳಿ ತೇಗು."

"ಹೌದಾ ಅತ್ತೆ?"

"ಹೂಂ. ಹೋದ ವಾರದ್ದು ಚೆನ್ನಾಗಿತ್ತು. ಇವನಿಗೆ ದೇವರ ಮೇಲೆ ಕೋಪ ಇದೆ ಕಣೆ. ಇಲ್ಲ ಅನ್ನೋರಿಗೆ ಇಷ್ಟು ಕೋಪ ಬರಲ್ಲ."

ನಾನು ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿ ಹಿಡಿಯುತ್ತಿದ್ದೆ. ಎರಡು ಅಂಗಿ ಸುಟ್ಟಿದ್ದು ಹಾಗೆಯೇ.

ಇನ್ನು ನಮ್ಮ ಕಚೇರಿಯಲ್ಲಿ ಪುಟ ಕಟ್ಟುವವನ ಮಾತು. ಅವನನ್ನು ಎಲ್ಲರೂ ಅಳತೆಯಪ್ಪ ಎಂದು ಕರೆಯುತ್ತಿದ್ದರು. ಪುಟದಲ್ಲಿ ಬೆರಳಗಲ ಜಾಗ ಬಿಳಿಯಾಗಿ ಉಳಿದರೂ ಅವನಿಗೆ ಮೈಮೇಲೆ ಬಂದಂತಾಗುತ್ತದೆ. ಅದಕ್ಕೆಂದೇ ಅವನು ಹಳೆಯ ಜಾಹೀರಾತುಗಳ ತುಂಡುಗಳನ್ನು ಅಳತೆವಾರು ಜೋಡಿಸಿಟ್ಟುಕೊಂಡಿದ್ದ. ಮೂರು ತಿಂಗಳ ಹಿಂದೆ ಒಂದು ವಾರ ನನ್ನ ಅಂಕಣ ಎರಡು ಸಾಲು ಕಡಿಮೆ ಬಿತ್ತು. ಅಳತೆಯಪ್ಪ ನನ್ನನ್ನು ಕೇಳಲಿಲ್ಲ. ಯಾವುದೋ ಹಳೆಯ ಕೆಲಸದ ಜಾಹೀರಾತಿನ ಬಾಲ ಕತ್ತರಿಸಿ ಅಡಿಗೆ ಅಂಟಿಸಿಬಿಟ್ಟ. "ಅರ್ಜಿಗಳನ್ನು ಪತ್ರಿಕೆಯ ಪೆಟ್ಟಿಗೆ ಸಂಖ್ಯೆ ನಲವತ್ತೊಂದಕ್ಕೆ ಕಳುಹಿಸುವುದು. ಖುದ್ದಾಗಿ ಬಂದು ಕಾಣುವಂತಿಲ್ಲ."

ಭಾನುವಾರ ಅದನ್ನು ನೋಡಿ ನಾನೇ ನಕ್ಕೆ. ಇಷ್ಟು ಒಳ್ಳೆಯ ಸಾಲು ನನಗೆ ಹೊಳೆದಿರಲಿಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ಗುರುವಾರದ ಹೊತ್ತಿಗೆ ಪೆಟ್ಟಿಗೆಯಲ್ಲಿ ಹನ್ನೊಂದು ಕಾಗದಗಳಿದ್ದವು.

"ನೋಡಿ, ನಿಮ್ಮ ಟಪಾಲು" ಎಂದು ಅಳತೆಯಪ್ಪ ತಂದು ನನ್ನ ಮೇಜಿನ ಮೇಲೆ ಹಾಕಿದ. "ದೊಡ್ಡವರು ರಜದಲ್ಲಿದ್ದಾರೆ ಅಂತ ವಾಪಸ್ ಕಳಿಸ್ಲಾ?"

"ಸುಮ್ನಿರಿ. ಹಚ್ಚಿದ್ದು ನೀವು, ಉರಿ ನನಗೆ."

ಕೆಲವು ತಮಾಷೆಯ ಕಾಗದಗಳು. ಬೀಗ ರಿಪೇರಿಯವನೊಬ್ಬ, ದೊಡ್ಡವರ ಬಾಗಿಲಿನ ಬೀಗ ಯಾವ ಕಂಪನಿಯದೆಂದು ತಿಳಿಸಿದರೆ ಹತ್ತು ನಿಮಿಷದಲ್ಲಿ ತೆಗೆದುಕೊಡುತ್ತೇನೆ ಎಂದು ಬರೆದಿದ್ದ. ದಾಖಲೆ ಕೋಣೆಯಿಂದ ನಿವೃತ್ತರಾದವರೊಬ್ಬರು ಮೇಲಿನ ಕಚೇರಿಯಲ್ಲಿ ಕಡತ ಜೋಡಿಸುವ ಕ್ರಮದಲ್ಲಿ ನಾಲ್ಕು ತಪ್ಪು ಹುಡುಕಿದ್ದರು. ಆದರೆ ಉಳಿದವರು ತಮಾಷೆ ಮಾಡಿರಲಿಲ್ಲ. ಇದು ನಗೆಬರಹ ಎಂದು ಅವರಿಗೆ ಗೊತ್ತಿತ್ತು, ಆದರೂ ಬರೆದಿದ್ದರು. ಒಬ್ಬಾಕೆ ತನ್ನ ತಂಗಿಯ ಹುಚ್ಚಿನ ಬಗ್ಗೆ ನಾಲ್ಕು ಪುಟ ಬರೆದು ಕೊನೆಗೆ, "ಉತ್ತರ ಬೇಡ. ಯಾವುದಾದರೂ ಕಡತದಲ್ಲಿ ಸೇರಿಸಿದರೆ ಸಾಕು" ಎಂದಿದ್ದಳು. ನಾನು ಅದನ್ನು ಒಂದು ರಟ್ಟಿನ ಕಡತದಲ್ಲಿ ಸೇರಿಸಿದೆ. ಬೇರೇನು ಮಾಡಲಿ?

ವಾರಕ್ಕೆ ಹನ್ನೊಂದಿದ್ದದ್ದು ಇಪ್ಪತ್ತಾಯಿತು, ನಲವತ್ಮೂರಾಯಿತು. ಮಧ್ಯಾಹ್ನದ ಬಿಡುವಿನಲ್ಲಿ ಕಾಗದದ ಉರುಳೆಗಳನ್ನಿಡುವ ಉಗ್ರಾಣಕ್ಕೆ ಹೋಗಿ, ಬಾಗಿಲು ಹಾಕಿಕೊಂಡು ಓದುತ್ತಿದ್ದೆ. ಮೂರನೇ ವಾರ ಬಾಗಿಲಿನತ್ತ ನೋಡಿದಾಗ ನನಗೇ ಪೇಚಾಯಿತು. ಅರ್ಜಿಗಳು ಬರುತ್ತಿವೆ, ನಾನು ಬಾಗಿಲು ಹಾಕಿಕೊಂಡು ಕೂತಿದ್ದೇನೆ, ಉತ್ತರ ಕೊಡುತ್ತಿಲ್ಲ. ಯಾಕೆ ಕೊಡುತ್ತಿಲ್ಲ ಎಂದು ಕೇಳಿಕೊಂಡರೆ ಕಾರಣಗಳು ಸಾಲುಗಟ್ಟಿ ಬಂದವು. ಒಬ್ಬರಿಗೆ ಕೊಟ್ಟರೆ ನಲವತ್ತೆರಡು ಜನಕ್ಕೆ ಅನ್ಯಾಯವಾಗುತ್ತದೆ. ಉತ್ತರ ಬರುತ್ತದೆ ಎಂದು ಗೊತ್ತಾದರೆ ಜನ ನಿಜ ಬರೆಯುವುದಿಲ್ಲ, ಉತ್ತರ ಬರುವಂಥದ್ದನ್ನು ಬರೆಯುತ್ತಾರೆ. ನನ್ನ ಮುಖ ಕಂಡರೆ ಇವಳಾ ಎಂದು ನಾಚಿಕೊಳ್ಳುತ್ತಾರೆ. ಎರಡು ವರ್ಷ ನಾನು ಗೇಲಿ ಮಾಡಿದ್ದು ಇದೇ ನೆಪಗಳನ್ನು. ಈಗ ಅವು ನನ್ನ ಬಾಯಿಗೆ ಅಳತೆ ತೆಗೆದು ಹೊಲಿದಂತೆ ಕೂತಿದ್ದವು. ಸಿಟ್ಟು ಬಂತು, ಜೊತೆಗೆ ಕುತೂಹಲವೂ ಹುಟ್ಟಿತು. ದೊಡ್ಡವರ ಕುರ್ಚಿಯಲ್ಲಿ ಕೂತವರಿಗೆಲ್ಲ ಹೀಗೇ ಆಗುತ್ತದೆಯೋ ಏನೋ.

ಎಂಟನೇ ವಾರದ ಕಟ್ಟಿನಲ್ಲಿ ಒಂದು ಕಾಗದ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿತ್ತು. ಕತ್ತರಿಯಿಂದ ನೆಟ್ಟಗೆ ಕತ್ತರಿಸಿದ ಅಂಚು. ನಮ್ಮ ಮನೆಯ ಸಾಮಾನಿನ ಪಟ್ಟಿ ಬರೆಯುವುದು ಇದೇ ಕೈ, ಇಂಥದೇ ಹಾಳೆಯ ಮೇಲೆ. ಅದು ಅತ್ತೆಯ ಕಾಗದ.

"ಗುಮಾಸ್ತರಿಗೆ ನಮಸ್ಕಾರ. ದೊಡ್ಡವರು ಬಾಗಿಲು ಹಾಕಿಕೊಂಡು ಒಳಗೆ ಗೊರಕೆ ಹೊಡೆಯುತ್ತಿದ್ದಾರೆ ಎಂದು ಹೋದ ವಾರ ಬರೆದಿದ್ದೀರಿ. ಓದಿ ನಕ್ಕೆ. ಆದರೆ ನೀವು ಯಾವಾಗಲೂ ಬಾಗಿಲಿನ ಹೊರಗಡೆ ನಿಂತು ಬರೆಯುತ್ತೀರಿ. ನಾನು ಒಂದು ಸಲ ಒಳಗಡೆ ನಿಂತಿದ್ದೆ. ಅದಕ್ಕೇ ಈ ಕಾಗದ.

"ನನ್ನ ಚಿಕ್ಕ ಮಗ ಅವರಪ್ಪನ ಗಡಿಯಾರ ರಿಪೇರಿಯ ಸಾಮಾನನ್ನೆಲ್ಲ ನನಗೆ ಹೇಳದೆ ಮಾರಿಬಿಟ್ಟ. ಅವರು ತೀರಿಕೊಂಡು ಆಗ ವರ್ಷವೂ ಆಗಿರಲಿಲ್ಲ. ಬೆಳಿಗ್ಗೆ ಜಗಳವಾಯಿತು. ಇನ್ನು ಈ ಹೊಸ್ತಿಲು ತುಳಿಯಬೇಡ ಅಂದೆ. ಹೋದ. ಮಧ್ಯಾಹ್ನ ಮೂರು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಒಂದೇ ಸಲ, ಮೆಲ್ಲಗೆ. ಓಡಿ ಬಂದು ಚಿಲಕದ ಮೇಲೆ ಕೈ ಇಟ್ಟೆ. ಆಮೇಲೆ ಯಾಕೋ, ಇನ್ನೊಂದು ಸಲ ತಟ್ಟಲಿ, ತೆಗೆಯುತ್ತೇನೆ ಅಂದುಕೊಂಡೆ. ಅವನಿಗೂ ಬೇಕು ಅನ್ನಿಸಿದೆಯೋ ಇಲ್ಲವೋ ಗೊತ್ತಾಗಲಿ ಅಂತ. ತಟ್ಟಲಿಲ್ಲ. ತೆಗೆದು ನೋಡುವಷ್ಟರಲ್ಲಿ ಬೀದಿಯಲ್ಲಿ ಯಾರೂ ಇರಲಿಲ್ಲ. ಹದಿನೇಳು ವರ್ಷವಾಯಿತು. ದೂರದ ಊರಲ್ಲಿ ಲಿಫ್ಟ್ ರಿಪೇರಿ ಕೆಲಸದಲ್ಲಿದ್ದಾನೆ. ಫೋನಿನಲ್ಲಿ ಊಟ ಆಯಿತಾ ಅನ್ನುತ್ತಾನೆ, ಆಯಿತು ಅನ್ನುತ್ತೇನೆ. ಈ ಮನೆಗೆ ಮತ್ತೆ ಬಂದಿಲ್ಲ.

"ನನಗೆ ಬೇಕಾದದ್ದು ಇಷ್ಟೇ. ಎರಡನೇ ಸಲ ತಟ್ಟಲು ಅವನು ಕೈ ಎತ್ತಿದ್ದನೋ ಇಲ್ಲವೋ? ಎತ್ತಿ ಇಳಿಸಿದ್ದರೆ ತಪ್ಪು ನನ್ನದು. ಎತ್ತದೆ ಹೋಗಿದ್ದರೆ ಇಬ್ಬರದೂ ಸಮ. ನಿಮ್ಮ ಕಡತದಲ್ಲಿ ಇದ್ದೇ ಇರುತ್ತದೆ, ನೋಡಿ ಹೇಳಿ.

"ಇನ್ನೊಂದು ಮಾತು. ನಿಮ್ಮ ದೊಡ್ಡವರ ಕೈಯೂ ಚಿಲಕದ ಮೇಲೇ ಇರಬಹುದು. ಗೊರಕೆ ಅಂತ ಸುಮ್ಮನೆ ಬರೆಯಬೇಡಿ."

ಉಗ್ರಾಣದಲ್ಲಿ ಕಾಗದದ ಉರುಳೆಯ ಮೇಲೆ ಕೂತು ಅತ್ತುಬಿಟ್ಟೆ. ಆ ದಿನ ನನಗೆ ನೆನಪಿತ್ತು. ಮದುವೆಯಾಗಿ ಎರಡು ವರ್ಷವಾಗಿತ್ತು. ಸಂಜೆ ಕೆಲಸದಿಂದ ಬಂದಾಗ ಅವರು ಎಂದಿನಂತೆ ಚಹಾ ಮಾಡಿ ಕೊಟ್ಟು, "ಅವನು ಹೋದ" ಎಂದಿದ್ದರು. ಅಷ್ಟೇ. ನಾನು ಅವರನ್ನು ಕಲ್ಲು ಮನಸ್ಸಿನವರು ಅಂದುಕೊಂಡಿದ್ದೆ. ಹದಿನೇಳು ವರ್ಷ ಒಂದೇ ಸೂರಿನ ಕೆಳಗೆ ಹಾಗೇ ಅಂದುಕೊಂಡಿದ್ದೆ.

ಮರುದಿನ ಉತ್ತರ ಬರೆಯಲು ಕೂತೆ. ಕಡತವನ್ನು ಗೆದ್ದಲು ತಿಂದಿದೆ ಎಂದು ಮೊದಲು ಬರೆದೆ. ಹರಿದು ಹಾಕಿದೆ. ಎತ್ತಿರಲಿಲ್ಲ, ಇಬ್ಬರದೂ ಸಮ, ನೆಮ್ಮದಿಯಾಗಿರಿ ಎಂದು ಬರೆದೆ. ಅದನ್ನೂ ಹರಿದೆ. ನನಗೇನು ಗೊತ್ತು? ಕೊನೆಗೆ ಪರರ ಕಾಗದ ಬಯಲು ಮಾಡಬಾರದು ಎಂಬ ನಿಯಮವನ್ನು ಬದಿಗಿಟ್ಟು ಮೈದುನನಿಗೆ ಫೋನು ಮಾಡಿದೆ.

"ಹೇಳಿ ಅತ್ತಿಗೆ. ಲಿಫ್ಟಿನ ಗುಂಡಿಲಿ ನಿಂತಿದೀನಿ, ಜೋರಾಗಿ ಹೇಳಿ" ಎಂದ.

ನಾನು ಜೋರಾಗಿಯೇ ಕೇಳಿದೆ. "ಅವತ್ತು ಬಾಗಿಲು ತಟ್ಟಿದೆಯಲ್ಲ, ಎರಡನೇ ಸಲ ಯಾಕೋ ತಟ್ಟಲಿಲ್ಲ?"

"ಯಾವತ್ತು?"

"ಮನೆ ಬಿಟ್ಟು ಹೋದ ದಿನ. ಮಧ್ಯಾಹ್ನ ಮೂರು ಗಂಟೆಗೆ."

"ಮೂರು ಗಂಟೆಗಾ? ನಾನು ವಾಪಸ್ ಬರ್ಲೇ ಇಲ್ವಲ್ಲ ಅತ್ತಿಗೆ. ಒಂದೂವರೆ ಬಸ್ಸಿಗೇ ಹೋಗ್ಬಿಟ್ಟೆ. ಬರ್ಬೇಕು ಅನ್ಸಿತ್ತು. ಆದ್ರೆ ಬಂದ್ರೂ ಅಮ್ಮ ಬಾಗಿಲು ತೆಗೀತಾ ಇರ್ಲಿಲ್ಲ. ಅವರ ಹಟ ನಿಮಗೆ ಗೊತ್ತಲ್ಲ."

"ಚಿಲಕದ ಮೇಲೆ ಕೈ ಇಟ್ಕೊಂಡು ನಿಂತಿದ್ರಂತೆ ಕಣೋ."

ಆ ಕಡೆ ಏನೋ ಕಬ್ಬಿಣದ ಸಾಮಾನು ಕೆಳಗೆ ಬಿದ್ದ ಸದ್ದಾಯಿತು. ನಲವತ್ತಕ್ಕೆ ಹತ್ತಿರವಾದ ಗಂಡಸು ಮೂಗು ಸೀಟುವುದು ಕೇಳಿಸಿತು.

"ಬಂದಿದ್ದ ಅಂತಲೇ ಹೇಳಿಬಿಡಿ ಅತ್ತಿಗೆ. ತಟ್ಟಿದ್ದು ನಾನೇ ಅಂತ. ಇಷ್ಟು ವರ್ಷ ಹಾಗೇ ನಂಬಿದಾರೆ, ಈಗ ಯಾಕೆ ಕೀಳ್ತೀರಾ?"

ನನಗೂ ಅದೇ ಸರಿ ಅನ್ನಿಸಿತು. ಹದಿನೇಳು ವರ್ಷ ಅತ್ತೆಯನ್ನು ಚುಚ್ಚಿದ್ದು ಆ ಸದ್ದು. ಅವರನ್ನು ಹಿಡಿದು ನಿಲ್ಲಿಸಿದ್ದೂ ಅದೇ. ಮಗ ವಾಪಸ್ ಬಂದಿದ್ದ ಎನ್ನುವುದಕ್ಕೆ ಅವರ ಹತ್ತಿರ ಬೇರೆ ಪುರಾವೆ ಇಲ್ಲ. ನಿಜ ಹೇಳಿದರೆ ತಪ್ಪಿನ ಭಾರ ಇಳಿಯುತ್ತದೆ, ಜೊತೆಗೆ ಮಗನೂ ಹೊಸ್ತಿಲಿನಿಂದ ಇಳಿದು ಹೋಗುತ್ತಾನೆ. ಸುಳ್ಳು ಹೇಳಿದರೆ ಎಲ್ಲ ಇದ್ದ ಹಾಗೇ ಇರುತ್ತದೆ. ಏನೂ ಹೇಳದಿದ್ದರಂತೂ ನಾನು ಕೈ ತೊಳೆದುಕೊಂಡಂತೆ. ಅಂಕಣದಲ್ಲಿ ಒಂದು ಮುದ್ರೆ ಒತ್ತಿದರೆ ಮುಗಿಯಿತು, ತಲುಪಿದೆ.

ಎರಡು ವಾರ ಹಾಗೇ ಬಿಟ್ಟೆ. ಅತ್ತೆ ಭಾನುವಾರ ಅಂಕಣವನ್ನು ಈಗ ಗಟ್ಟಿಯಾಗಿ ಓದುತ್ತಿರಲಿಲ್ಲ. ಮೊದಲು ಕಣ್ಣಲ್ಲೇ ಮೇಲಿಂದ ಕೆಳಗೆ ಓಡಿಸಿ, ಏನೋ ಹುಡುಕಿ, ಸಿಗದೆ, ಪತ್ರಿಕೆ ಮಡಚಿ ಇಡುತ್ತಿದ್ದರು. "ಹೇಗಿದೆ ಅತ್ತೆ?" ಅಂದರೆ "ಇದೆ" ಎನ್ನುತ್ತಿದ್ದರು. ಎರಡನೇ ಭಾನುವಾರ ಆ 'ಇದೆ' ಕೇಳಿ ನನಗೆ ನನ್ನ ಮೇಲೇ ಅಸಹ್ಯವಾಯಿತು. ಮುಚ್ಚಿದ ಬಾಗಿಲಿನ ಮೇಲೆ ಎರಡು ವರ್ಷ ಉಗುಳಿದವಳು ನಾನು. ಅವರಿಗೆ ನೋವಾದೀತು ಎಂದು ಸುಮ್ಮನಿದ್ದೆನೋ, ನನಗೆ ಕಷ್ಟವಾದೀತು ಎಂದು ಸುಮ್ಮನಿದ್ದೆನೋ? ಇಸ್ತ್ರಿಪೆಟ್ಟಿಗೆ ಆರಿಸಿದೆ.

ಅತ್ತೆ ಮೊರದಲ್ಲಿ ಬಟಾಣಿ ಬಿಡಿಸುತ್ತಾ ಕೂತಿದ್ದರು. ನಮ್ಮ ಮನೆಯವರು ಹೊರಗೆ ಹೋಗಿದ್ದರು. ಎದುರಿಗೆ ನೆಲದ ಮೇಲೆ ಕೂತೆ.

"ಅತ್ತೆ, ಆ ಗುಮಾಸ್ತ ನಾನೇ."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಎರಡನೇ ವಾರದಿಂದ. ಜವಾನ ಸಕ್ಕರೆ ಕಲಕಲ್ಲ, ಎಲ್ಲಾ ತಳದಲ್ಲೇ ಉಳಿಯುತ್ತೆ ಅಂತ ಬರೆದಿದ್ದೆಯಲ್ಲ. ದಿನಾ ಬೆಳಿಗ್ಗೆ ನೀನು ನನಗೆ ಅನ್ನೋ ಮಾತು ಅದು. ನಾನೇ ಆ ಜವಾನ ಅಂತ ಗೊತ್ತಾಯ್ತು."

ಎರಡು ವರ್ಷ ಅವರು ಹುಳಿ ತೇಗು, ಅಜೀರ್ಣ ಎಂದೆಲ್ಲ ಅಂದದ್ದು ನನ್ನ ಮುಖಕ್ಕೇ ಎಂದು ಆಗ ಹೊಳೆಯಿತು.

"ಮತ್ತೆ ನನ್ನನ್ನೇ ಕೇಳಬಹುದಿತ್ತಲ್ಲ? ಅಂಚೆಚೀಟಿ ಹಚ್ಚಿ ಕಾಗದ ಯಾಕೆ ಹಾಕಿದ್ರಿ?"

"ಮುಖ ನೋಡ್ಕೊಂಡು ಕೇಳೋ ಮಾತಾ ಅದು? ನೀನು ಎದುರಿಗೆ ಕಾಣಿಸ್ತಾ ಇದ್ದಿದ್ರೆ ನನಗೆ ಒಂದಕ್ಷರ ಬರೆಯೋಕೆ ಆಗ್ತಿರ್ಲಿಲ್ಲ." ಒಂದು ಸಿಪ್ಪೆ ಬಿಡಿಸಿ ಕಾಳು ಉದುರಿಸಿದರು. "ಈಗ್ಲೂ ನಿನ್ನನ್ನ ಕೇಳ್ತಾ ಇಲ್ಲ. ಗುಮಾಸ್ತ ಏನಂತಾನೆ? ಕಡತದಲ್ಲಿ ಸಿಕ್ತಾ?"

ನನಗೆ ಭಯವಾಯಿತು. ಇಷ್ಟು ಭಯ ಸಂಪಾದಕರ ಮುಂದೆಯೂ ಆಗಿರಲಿಲ್ಲ. ಅವರ ಕೈ ಹಿಡಿದುಕೊಳ್ಳೋಣ ಎಂದರೆ ಕೈ ತುಂಬಾ ಸಿಪ್ಪೆ.

"ಅವನು ಬಂದಿರ್ಲಿಲ್ಲ ಅತ್ತೆ. ನಾನು ಅವನನ್ನೇ ಕೇಳಿದೆ. ಒಂದೂವರೆ ಬಸ್ಸಿಗೆ ಹೋಗಿಬಿಟ್ಟಿದ್ನಂತೆ. ಬರ್ಬೇಕು ಅಂತ ಇತ್ತಂತೆ. ನೀವು ಬಾಗಿಲು ತೆಗೆಯಲ್ಲ ಅಂತ ಬರ್ಲಿಲ್ವಂತೆ."

ಅತ್ತೆಯ ಬೆರಳುಗಳು ನಿಂತವು. ಬಿಡಿಸದ ಒಂದು ಕಾಯಿಯನ್ನು ಹಾಗೇ ಹಿಡಿದುಕೊಂಡು ಕೂತರು. ಹೇಳಬಾರದಿತ್ತು, ಹೇಳಬಾರದಿತ್ತು ಅನ್ನಿಸಿತು.

"ಚಿಲಕದ ವಿಷಯ ಹೇಳಿದೆಯಾ ಅವನಿಗೆ?"

"ಹೇಳಿದೆ. ಅತ್ತುಬಿಟ್ಟ."

"ಅಳ್ಲಿ" ಎಂದರು. ಕೈಯಲ್ಲಿದ್ದ ಕಾಯಿ ಬಿಡಿಸಿ, "ಸಂಜೆ ಫೋನ್ ಮಾಡಿಕೊಡು. ಊಟದ ವಿಷಯ ಬಿಟ್ಟು ಬೇರೆ ಮಾತಾಡ್ತೀನಿ" ಎಂದರು. ಕಣ್ಣಲ್ಲಿ ನೀರಿತ್ತು, ಆದರೆ ದನಿ ನಡುಗಲಿಲ್ಲ. ಎದ್ದು ಮೊರ ತೆಗೆದುಕೊಂಡು ಅಡುಗೆಮನೆಗೆ ಹೊರಟೆ.

"ನಿಲ್ಲೇ" ಎಂದರು.

ತಿರುಗಿ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ ಬೀದಿಬಾಗಿಲನ್ನು ನೋಡುತ್ತಿದ್ದರು. ಲೆಕ್ಕ ತಪ್ಪಿದವರ ಮುಖದಂತೆ ಇತ್ತು.

"ಅವನಲ್ಲ ಅಂದ್ರೆ ಮತ್ತೆ ಯಾರು?"

"ಯಾರೋ ಮೀಟರ್ ನೋಡೋರು ಇರ್ಬೇಕು ಅತ್ತೆ. ಪಕ್ಕದ ಮನೆಯವರೋ, ಸಾಮಾನು ಮಾರೋರೋ."

"ಮೀಟರಿನವನು ಕೂಗ್ತಾನೆ. ಮಾರೋರು ಬಾಗಿಲು ಮುರಿಯೋ ಹಾಗೆ ಬಡೀತಾರೆ. ಪಕ್ಕದವರು ಸಂಜೆ ಮತ್ತೆ ಬಂದು ಕೇಳ್ತಿದ್ರು. ಅದು ಹಾಗಿರ್ಲಿಲ್ಲ ಕಣೆ. ಒಂದೇ ಸಲ, ಮೆಲ್ಲಗೆ. ಒಳಗೆ ನಾನಿದೀನಿ ಅಂತ ಗೊತ್ತಿದ್ದೋರು ತಟ್ಟೋ ಹಾಗೆ." ಅವರು ಮಂಡಿಯ ಮೇಲೆ ಕೈಯೂರಿ ಎದ್ದು ಬಾಗಿಲ ಬಳಿ ಹೋದರು. ತೆಗೆದು ಬೀದಿಯ ಆ ಕೊನೆಯಿಂದ ಈ ಕೊನೆಯವರೆಗೆ ನೋಡಿದರು. "ಹದಿನೇಳು ವರ್ಷ ಮಗ ಅಂದ್ಕೊಂಡು ಯಾರನ್ನೇ ನಾನು ಹೊರಗೆ ನಿಲ್ಲಿಸಿದ್ದು?"